ಮರಣಶಿಲೆಗಳ ಮೇಲಣ ಮೃಗಪಕ್ಷಿಗಳು

ತುಮಕೂರಿನಿಂದ ಉತ್ತರದಿಕ್ಕಿಗೆ ಹೊರಟು ಕೊರಟಗೆರೆಯನ್ನು ದಾಟಿ ಮಧುಗಿರಿಯ ಕಡೆಗೆ ಸಾಗುವವರಿಗೆ ಮೊದಲು ಕಣ್ಣಿಗೆ ಬೀಳುವುದು ಬೆಟ್ಟಗಳ ಸಾಲು. ಚನ್ನರಾಯನದುರ್ಗ, ಮಧುಗಿರಿ, ಮಿಡಿಗೇಶಿ, ಮುಂದೆ ಪಾವಗಡ, ನಿಡುಗಲ್ಲು. ಒಂದೊಂದು ಬೆಟ್ಟದ ಮೇಲೂ ಒಂದೊಂದು ಕೋಟೆ. ಪಶ್ಚಿಮಕ್ಕೆ ತಿರುಗಿದರೆ ಬಯಲು ಬಿಚ್ಚಿಕೊಂಡು ಶಿರಾ ಸೀಮೆ ಬರುತ್ತದೆ. ಕೋಟೆಗಳನ್ನು ಎಲ್ಲರೂ ತಲೆಯೆತ್ತಿ ನೋಡುವರು. ಆದರೆ ತಲೆ ತಗ್ಗಿಸಿ ನೋಡತಕ್ಕ ವಸ್ತುವೂ ಈ ಸೀಮೆಯಲ್ಲಿ ಉಂಟು. ಊರ ಹೆಬ್ಬಾಗಿಲಿನ ಬಳಿ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಅರ್ಧ ಮಣ್ಣಿನಲ್ಲಿ ಹೂತು ನಿಂತಿರುವ ಕೆತ್ತನೆಯ ಕಲ್ಲುಗಳೇ ಅವು. ಇದೇನು ಕಲ್ಲು ಎಂದು ಹಳ್ಳಿಯವರನ್ನು ಕೇಳಿದರೆ, ಸತ್ತವನ ಹೆಸರನ್ನು ಹೇಳುವವರು ವಿರಳ. ‘ಅದರಲ್ಲಿ ದನಗಳಿವೆ’, ‘ಅದು ಕುದುರೆಯ ಕಲ್ಲು’ ಎಂಬಂಥ ಮಾತೇ ಸಾಮಾನ್ಯವಾಗಿ ಮೊದಲು ಬರುವುದು. ಮನುಷ್ಯನ ಹೆಸರು ಅಳಿಸಿಹೋದ ಮೇಲೂ ಅವನ ಜೊತೆಗೆ ಕೆತ್ತಿದ ಪ್ರಾಣಿಯ ಗುರುತು ಉಳಿದುಕೊಂಡಿರುತ್ತದೆ. ಸಾವಿನ ಕಲ್ಲಿನ ಮೇಲೆ ಪ್ರಾಣಿಗಳಿಗೇನು ಕೆಲಸ ಎಂಬುದನ್ನೇ ಈ ಹೊತ್ತು ನಾವು ವಿಚಾರಮಾಡಬೇಕೆಂದಿದ್ದೇವೆ.

ಅನ್ಯದೇಶಗಳ ರಾಜಸಮಾಧಿಗಳಲ್ಲಿಯೂ ಮೃಗಗಳುಂಟು. ಮಧ್ಯಯುಗದ ಯೂರೋಪಿನ ಇಗರ್ಜಿಗಳೊಳಗೆ ಅರಸರೂ ಸರದಾರರೂ ರಾಣಿಯರೂ ಕಲ್ಲಿನ ಹಾಸಿಗೆಯ ಮೇಲೆ ಕೈಜೋಡಿಸಿ ಮಲಗಿರುವ ಪ್ರತಿಮೆಗಳನ್ನು ಕಾಣಬಹುದು. ಅವರ ಪಾದಗಳ ಕೆಳಗೆ ಅನೇಕ ವೇಳೆ ಒಂದು ಸಿಂಹವೋ ಒಂದು ನಾಯಿಯೋ ಇರುತ್ತದೆ. ಸಿಂಹವನ್ನು ಪರಾಕ್ರಮಕ್ಕೂ ನಾಯಿಯನ್ನು ನಿಷ್ಠೆಗೂ ಸಂಕೇತವೆಂದು ಸಾಮಾನ್ಯವಾಗಿ ಅರ್ಥಮಾಡುವರು. ಚೀನಾ ದೇಶದಲ್ಲಿ ಬೀಜಿಂಗಿನ ಬಳಿ ಮಿಂಗ್ ಚಕ್ರವರ್ತಿಗಳ ಸಮಾಧಿಗಳಿಗೆ ಹೋಗುವ ದಾರಿಯ ಎರಡು ಪಕ್ಕಗಳಲ್ಲಿಯೂ ಸಿಂಹ, ಒಂಟೆ, ಆನೆ, ಕುದುರೆ ಮೊದಲಾದ ೨೪ ಕಲ್ಲಿನ ಮೃಗಗಳು ಕಾವಲಿಗೆ ನಿಂತಿವೆ. ಆ ಎರಡು ಕಡೆಗಳಲ್ಲಿಯೂ ಪ್ರಾಣಿಯು ಅರಸನ ಪರಿವಾರಕ್ಕೆ ಸೇರಿದ್ದು. ಅವನ ಕಾಲ ಬಳಿ ಇರುವುದು, ಇಲ್ಲವೆ ಅವನ ಬಾಗಿಲಲ್ಲಿ ಇರುವುದು.

ಕನ್ನಡನಾಡಿನ ಪದ್ಧತಿ ಬೇರೆ. ಇಲ್ಲಿಯ ಅರಸರ ದೇಹವನ್ನು ಸಾಮಾನ್ಯವಾಗಿ ಬೆಂಕಿಗೆ ಒಪ್ಪಿಸುತ್ತಿದ್ದುದರಿಂದ ಗೋರಿಯನ್ನು ಕಟ್ಟುವ ವಾಡಿಕೆ ಹೆಚ್ಚಾಗಿ ಬೆಳೆಯಲಿಲ್ಲ. ಗೋರಿಯ ಸ್ಥಾನದಲ್ಲಿ ನಿಂತದ್ದು ನೆನಪಿನ ಕಲ್ಲು. ಹೋರಾಡಿ ಮಡಿದವನಿಗೆ ವೀರಗಲ್ಲು, ಸಹಗಮನ ಮಾಡಿದವಳಿಗೆ ಮಾಸ್ತಿಕಲ್ಲು, ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟ ಜೈನರಿಗೆ ನಿಸಿಧಿ, ಒಡೆಯನೊಡನೆ ಪ್ರಾಣವನ್ನು ನೀಗುವೆನೆಂದು ಪ್ರತಿಜ್ಞೆ ಮಾಡಿದವನಿಗೆ ಗರುಡಗಂಬ. ಇವುಗಳಲ್ಲಿ ಅರಸನ ಕಲ್ಲನ್ನೂ ಆಳಿನ ಕಲ್ಲನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದಲ್ಲದೆ ಯಾವುದೊಂದೂ ತಿಳಿಯುವುದಿಲ್ಲ. ಹಾಗೆ ನೋಡಿದಾಗ ನಮಗೆ ತೋರುವುದಿಷ್ಟು: ಈ ಕಲ್ಲುಗಳ ಮೇಲಿನ ಪ್ರಾಣಿಯು ಕೇವಲ ಅಲಂಕಾರವಲ್ಲ, ಕೇವಲ ಬಿರುದೂ ಅಲ್ಲ. ಯಾರು ಯಾರಿಗಾಗಿ ಸತ್ತರು, ಯಾರ ಋಣ ಯಾರ ಮೇಲೆ ಉಳಿಯಿತು ಎಂಬ ಲೆಕ್ಕಕ್ಕೆ ಅದು ಸಾಕ್ಷಿ.

ಮೊದಲು ಈ ಸೀಮೆಯ ಚರಿತ್ರೆಯನ್ನು ಒಂದೆರಡು ಮಾತಿನಲ್ಲಿ ನೆನೆಯೋಣ. ಶಿರಾ ಪಾವಗಡಗಳಿಗೆ ಹೊಂದಿಕೊಂಡಂತೆ, ಇಂದು ಆಂಧ್ರಪ್ರದೇಶಕ್ಕೆ ಸೇರಿರುವ ಮಡಕಶಿರಾ ಸೀಮೆಯಲ್ಲಿ ಹೇಮಾವತಿಯೆಂಬ ಗ್ರಾಮವಿದೆ. ಅದೇ ಹಿಂದಿನ ಹೆಂಜೇರು. ನೊಳಂಬವಾಡಿ ಮೂವತ್ತೆರಡು ಸಾವಿರವನ್ನು ಆಳಿದ ನೊಳಂಬರ ರಾಜಧಾನಿ. ಅಲ್ಲಿಯ ಒಂದು ಕಂಬದ ಮೇಲೆ ನೊಳಂಬರ ವಂಶಾವಳಿಯೇ ಕೆತ್ತಿದೆ. ಅಲ್ಲಿಯ ಗುಡಿಗಳ ಮುಂದೆ ಮಲಗಿರುವ ಕರಿಯ ಕಲ್ಲಿನ ನಂದಿಗಳು ಕನ್ನಡನಾಡಿನ ಶಿಲ್ಪದಲ್ಲಿ ಹೆಸರಾದವು. ನೊಳಂಬರ ತರುವಾಯ ಹೆಂಜೇರನ್ನೂ ನಿಡುಗಲ್ಲು ದುರ್ಗವನ್ನೂ ಹಿಡಿದು ಚೋಳರೆಂದು ಹೆಸರಿಟ್ಟುಕೊಂಡ ಒಂದು ವಂಶದವರು ಆಳಿದರು. ಇರುಂಗೋಳನೆಂಬ ಹೆಸರು ಅವರಲ್ಲಿ ಮತ್ತೆ ಮತ್ತೆ ಬರುತ್ತದೆ. ಅವರಿಗೂ ಹೊಯ್ಸಳರಿಗೂ ತಲೆಮಾರುಗಳ ಕಾಲ ಕದನ ನಡೆಯಿತು. ಅನಂತರ ವಿಜಯನಗರ, ಪಾಳೆಯಗಾರರು, ಬಿಜಾಪುರ, ಮೊಗಲರು, ಮೈಸೂರು. ಇಷ್ಟು ಮಂದಿ ಒಡೆಯರು ಬಂದು ಹೋದ ನೆಲದಲ್ಲಿ ಸಾವಿನ ಕಲ್ಲುಗಳು ಹೆಚ್ಚಾಗಿರುವುದು ಆಶ್ಚರ್ಯವಲ್ಲ. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಸಂಗ್ರಹಿಸಿ ೧೯೦೪ರಲ್ಲಿ ತಮ್ಮ ಶಾಸನಮಾಲೆಯ ೧೨ನೆಯ ಸಂಪುಟವಾಗಿ ಹೊರಡಿಸಿದರು. ಆದರೆ ಅಕ್ಷರವಿಲ್ಲದ ಕಲ್ಲುಗಳು ಆ ಸಂಪುಟದೊಳಕ್ಕೆ ಬರುವಂತಿರಲಿಲ್ಲ. ಅವುಗಳಿಗೆ ಇರುವ ಬರಹವೆಂದರೆ ಶಿಲ್ಪ ಒಂದೇ.

ಈ ಸೀಮೆಯಲ್ಲಿ ಪದೇ ಪದೇ ಕಾಣುವ ವೀರಗಲ್ಲು ತುರುಗೋಳಿನದು, ಎಂದರೆ ಶತ್ರುಗಳು ಹೊಡೆದುಕೊಂಡು ಹೋಗುತ್ತಿದ್ದ ದನಗಳನ್ನು ಬಿಡಿಸಲು ಹೋಗಿ ಸತ್ತವನದು. ಇಂಥ ಕಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲನ್ನೋ ಕತ್ತಿಯನ್ನೋ ಹಿಡಿದ ವೀರ, ಅವನ ಎದುರಿಗೆ ಕಳ್ಳರ ಗುಂಪು, ಹಿಂದೆ ಅಥವಾ ಪಕ್ಕದಲ್ಲಿ ಒಂದರ ಮೇಲೊಂದು ತಲೆಯಿಟ್ಟಂತೆ ಒತ್ತೊತ್ತಾಗಿ ನಿಂತ ಹಸುಗಳು. ನಡುವಣ ಪಟ್ಟಿಕೆಯಲ್ಲಿ ದೇವಕನ್ಯೆಯರು ಅವನ ತೋಳುಗಳನ್ನು ಹಿಡಿದು ಮೇಲಕ್ಕೆ ಒಯ್ಯುತ್ತಿರುವರು. ಮೇಲಿನ ಪಟ್ಟಿಕೆಯಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕುಳಿತಿರುವನು; ಲಿಂಗದ ಪಕ್ಕದಲ್ಲಿ ನಂದಿ. ಕೆಲವು ಕಲ್ಲುಗಳಲ್ಲಿ ಕರುವಿಗೆ ಹಾಲೂಡುತ್ತಿರುವ ಹಸುವೂ ಉಂಟು. ನೆತ್ತಿಯಲ್ಲಿ ಸೂರ್ಯಚಂದ್ರರು.

ಈ ಹಸುವನ್ನು ಕುರಿತು ಸ್ವಲ್ಪ ನಿಂತು ಯೋಚಿಸಬೇಕು. ಕೆಳಗಿನ ಪಟ್ಟಿಕೆಯ ಹಸು ಊರಿನ ಐಶ್ವರ್ಯ; ಮಳೆ ಕಡಮೆಯಾದ ಈ ಬಯಲುಸೀಮೆಯಲ್ಲಿ ದನ ಹೋದರೆ ಉಳುಮೆ ಹೋಯಿತು, ಗೊಬ್ಬರ ಹೋಯಿತು, ಹಾಲು ಹೋಯಿತು. ಊರೇ ಎದ್ದುಹೋದಂತೆ. ಮೇಲಿನ ಪಟ್ಟಿಕೆಯ ನಂದಿಯೋ ಕೈಲಾಸದ ಬಾಗಿಲಲ್ಲಿರುವುದು. ಶಿಲ್ಪಿಯು ಒಂದೇ ಜಾತಿಯ ಪ್ರಾಣಿಯನ್ನು ಕೆಳಗೂ ಮೇಲೂ ಇಟ್ಟು, ಯಾವುದಕ್ಕಾಗಿ ಇವನು ಸತ್ತನೋ ಅದೇ ಇವನನ್ನು ಮೇಲೆ ಎದುರುಗೊಳ್ಳುತ್ತಿದೆ ಎಂದು ಹೇಳಿದಂತಿದೆ. ಈ ಶಿಲ್ಪದಲ್ಲಿ ಮನುಷ್ಯನು ಪ್ರಾಣಿಗಾಗಿ ಸತ್ತವನು. ಸತ್ತವನ ಮನೆಯವರಿಗೆ ಭೂಮಿಯನ್ನು ಬಿಟ್ಟುಕೊಡುವುದೂ ರೂಢಿಯಲ್ಲಿತ್ತು. ಅಂಥ ದತ್ತಿಗೆ ನೆತ್ತರುಗೊಡಗೆಯೆಂದೂ, ಕತ್ತಿ ತೊಳೆದು ಕೊಡುವುದರಿಂದ ಬಾಳ್ಗಳ್ಚು ಎಂದೂ ಹೆಸರು. ಶಾಸನಗಳ ಕೊನೆಯಲ್ಲಿ, ಈ ದತ್ತಿಯನ್ನು ಅಳಿಸಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗಲಿ ಎಂಬ ಶಾಪವಿರುವುದನ್ನು ಶಾಸನ ಓದಿದವರೆಲ್ಲರೂ ಬಲ್ಲರು. ಹಸುವಿಗಾಗಿ ಕೊಟ್ಟ ಪ್ರಾಣಕ್ಕೆ ಹಸುವಿನ ಮೇಲೆಯೇ ಆಣೆ.

ಈ ಭಾವನೆ ಕಲ್ಲಿನಲ್ಲಿಯೇ ಮುಗಿದುಹೋಯಿತೆಂದು ತಿಳಿಯಲಾಗದು. ಶಿರಾ, ಪಾವಗಡ, ಚಳ್ಳಕೆರೆಗಳ ಬಯಲಿನಲ್ಲಿರುವ ಕಾಡುಗೊಲ್ಲರೂ ಮ್ಯಾಸಬೇಡರೂ ದೇವರ ಎತ್ತುಗಳೆಂದು ಹಿಂಡುಗಳನ್ನು ಮೀಸಲಾಗಿಟ್ಟು ಸಾಕುವರು. ಅವುಗಳನ್ನು ನೇಗಿಲಿಗೂ ಗಾಡಿಗೂ ಹೂಡುವುದಿಲ್ಲ. ಸತ್ತರೆ ಮರ್ಯಾದೆಯಿಂದ ಮಣ್ಣುಮಾಡುವರು. ಕಾಡುಗೊಲ್ಲರ ವೀರನಾದ ಜುಂಜಪ್ಪನ ಕಥೆಯನ್ನು ಹಾಡುವಾಗ ಅವನ ದನಗಳ ಕಥೆಯನ್ನು ಬಿಟ್ಟು ಹಾಡುವಂತಿಲ್ಲ. ಕಲ್ಲುಕುಟಿಗನು ಹತ್ತನೆಯ ಶತಮಾನದಲ್ಲಿ ಕೆತ್ತಿದುದನ್ನು ಗೊಲ್ಲರಹಟ್ಟಿಯ ಜನ ನಡವಳಿಯಲ್ಲಿ ಉಳಿಸಿಕೊಂಡಿದ್ದಾರೆಂದು ನಾವು ಭಾವಿಸುತ್ತೇವೆ.

ಇನ್ನು ಊರಿನ ಮಟ್ಟದಿಂದ ಅರಸರ ಮಟ್ಟಕ್ಕೆ ಏರೋಣ. ನೊಳಂಬರಿಗೂ ನೆರೆಯ ಗಂಗರಿಗೂ ನಡೆದ ಯುದ್ಧಗಳ ಒಂದು ದೊಡ್ಡ ನೆನಪು ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಅದು ಬೇಗೂರಿನ ಕಲ್ಲು. ೯ನೆಯ ಶತಮಾನದ ಕೊನೆಯ ಭಾಗದಲ್ಲಿ ಗಂಗ ಎರೆಯಪ್ಪನ ಕಡೆಯ ನಾಗತ್ತರನು ನೊಳಂಬ ಬೀರಮಹೇಂದ್ರನ ಸೈನ್ಯದ ಮೇಲೆ ತುಂಬೆಪಾಡಿಯಲ್ಲಿ ಕಾದಿ, ಕಾಳಗ ಕೈಮೀರಿದಾಗ ಆನೆಯೊಡನೆಯೇ ಸೆಣಸಿ ಮಡಿದನೆಂದು ಅದರ ಶಾಸನ ಹೇಳುತ್ತದೆ. ಆನೆ, ಕುದುರೆ, ಕಾಲಾಳು ಎಲ್ಲವೂ ಒಂದೇ ನೆಗ್ಗಾಟದಲ್ಲಿ ಬೆರೆತಿರುವ ಆ ಶಿಲ್ಪವನ್ನು ನೋಡಿದವರು ಮರೆಯಲಾರರು. ಆ ಕಲ್ಲಿನಲ್ಲಿ ಆನೆಯು ಐಶ್ವರ್ಯದ ಗುರುತಲ್ಲ, ಮೃತ್ಯುವಿನ ಗುರುತು. ಯಾವ ಬಲದ ಮುಂದೆ ಒಬ್ಬ ಮನುಷ್ಯನು ಹಿಮ್ಮೆಟ್ಟದೆ ನಿಂತನೋ ಆ ಬಲದ ಅಳತೆ. ನಾಗತ್ತರನು ಸತ್ತುದನ್ನು ಮೆಚ್ಚಿ ಎರೆಯಪ್ಪನು ಅವನ ಪಟ್ಟವನ್ನು ಇರುಗನೆಂಬವನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು ಬಿಟ್ಟುಕೊಟ್ಟನು. ಅಲ್ಲಿಗೂ ಋಣದ ಲೆಕ್ಕ ಬಂತು.

ಆನೆಯು ಸತ್ತವನ ಹೆಸರಿಗೇ ಅಂಟಿಕೊಂಡ ಸಂಗತಿಯೂ ಒಂದುಂಟು. ಕ್ರಿ. ಶ. ೯೪೯ರಲ್ಲಿ ತಕ್ಕೋಲದ ಯುದ್ಧ ನಡೆಯಿತು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿದ್ದ ಗಂಗ ಬೂತುಗನು ಚೋಳ ರಾಜಪುತ್ರನಾದ ರಾಜಾದಿತ್ಯನನ್ನು ಕೊಂದನು. ಆನೆಯ ಮೇಲೆ ಕುಳಿತಿದ್ದಾಗಲೇ ಮಡಿದುದರಿಂದ ಚೋಳರ ಶಾಸನಗಳು ಅವನನ್ನು ‘ಆನೆಯ ಮೇಲೆ ನಿದ್ರಿಸಿದ ದೇವರು’ ಎಂಬ ಅರ್ಥದ ಹೆಸರಿನಿಂದ ಸ್ಮರಿಸಿದವು. ಗೆದ್ದವನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ದೊರಕಿದವು.

ಆದರೆ ಆ ಮಹಾಯುದ್ಧದ ಕಥೆಯನ್ನು ನಮಗೆ ಹೇಳುವ ಕಲ್ಲು ಅರಸನ ಕಲ್ಲಲ್ಲ, ಒಂದು ನಾಯಿಯ ಕಲ್ಲು. ಮದ್ದೂರಿನ ಸೀಮೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಆ ಶಾಸನವು ಹೇಳುವ ವೃತ್ತಾಂತ ಹೀಗಿದೆ. ತಕ್ಕೋಲದಲ್ಲಿ ಬೂತುಗನ ಪಕ್ಕದಲ್ಲಿ ನಿಂತು ಹೋರಾಡಿದ ಮಣಲೆರನೆಂಬ ಸಗರವಂಶದ ವೀರನ ಶೌರ್ಯಕ್ಕೆ ಬೂತುಗನು ಮೆಚ್ಚಿ, ಬೇಕಾದುದನ್ನು ಬೇಡು ಎಂದನು. ಮಣಲೆರನು ನಾಡನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಮುಂದೆ ಕೆಳಲೆನಾಡಿನ ಬೆಳತೂರ ಪಡುವಣ ದಿಕ್ಕಿನ ಮೊರಡಿಯಲ್ಲಿ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಂದನ್ನೊಂದು ಕಚ್ಚಿ ಸತ್ತವು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರದ ಮುಂದೆ ಕಲ್ಲನ್ನು ನೆಡಿಸಿ ಎರಡು ಖಂಡುಗ ಭೂಮಿಯನ್ನು ಬಿಟ್ಟರು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆಮಾಡದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂದೂ ಬರೆಸಿದರು. ನಾಯಿಯೂ ಹಂದಿಯೂ ಸೆಣಸುವ ಚಿತ್ರವನ್ನು ಕಲ್ಲಿನ ಮೇಲೆ ಕೆತ್ತಿಸಿದರು.

ಯೂರೋಪಿನ ಅರಸರ ಕಾಲ ಕೆಳಗೆ ಮಲಗಿದ ನಾಯಿಯನ್ನು ಈಗ ಮತ್ತೆ ಜ್ಞಾಪಿಸಿಕೊಳ್ಳಬೇಕು. ಆ ನಾಯಿಯು ಒಡೆಯನ ಗುಣವನ್ನು ಹೇಳಲು ಬಂದದ್ದು. ಅದಕ್ಕೆ ತನ್ನದಾದ ಸಾವಿಲ್ಲ. ಕಾಳಿಗಾದರೋ ಹೆಸರುಂಟು, ಸತ್ತ ಸ್ಥಳವುಂಟು, ಕಲ್ಲುಂಟು, ಉಂಬಳಿಯುಂಟು, ದಿನದಿನದ ಪೂಜೆಯುಂಟು. ಅದು ಸಂಕೇತವಲ್ಲ, ಸತ್ತ ವ್ಯಕ್ತಿಯೇ. ದಕ್ಷಿಣ ದೇಶದ ಭವಿಷ್ಯವನ್ನು ತಿರುಗಿಸಿದ ಒಂದು ಯುದ್ಧವು ಆ ಕಲ್ಲಿನಲ್ಲಿ ನಾಯಿಯ ಸಾವಿನ ಜೊತೆಗೇ ಬರುತ್ತದೆ. ಈ ನಾಡಿನ ಮನಸ್ಸು ವೀರಮರಣವೆಂದರೆ ಏನೆಂದು ತಿಳಿದಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮಗೆ ತಿಳಿಯದು. ಹಿಮ್ಮೆಟ್ಟದೆ ಸತ್ತವರಿಗೆಲ್ಲ ಕಲ್ಲು ಸಲ್ಲುತ್ತದೆ. ಕಾಲು ಎರಡೋ ನಾಲ್ಕೋ ಎಂಬುದು ಎಣಿಕೆಗೆ ಬಾರದು.

ಇದೇ ಬೂತುಗನ ಮಗನು ಮಾರಸಿಂಹ. ನಾವು ಹೊರಟ ಸೀಮೆಗೂ ಇವನಿಗೂ ಒಂದು ಕಠಿಣವಾದ ಸಂಬಂಧವುಂಟು. ನೊಳಂಬರನ್ನು ಸದೆಬಡಿದುದರಿಂದ ಇವನಿಗೆ ನೊಳಂಬಕುಲಾಂತಕನೆಂದು ಬಿರುದು. ಹೆಂಜೇರಿನ ಕಂಬ ಯಾವ ವಂಶವನ್ನು ಹೊಗಳುತ್ತದೆಯೋ ಆ ವಂಶದ ಯಮನೆಂದೇ ಇವನು ಹೆಸರಾದನು. ಇಂಥವನು ಕ್ರಿ. ಶ. ೯೭೪ರ ಸುಮಾರಿನಲ್ಲಿ ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನ ವ್ರತವನ್ನು ಹಿಡಿದು ದೇಹವನ್ನು ಬಿಟ್ಟನು. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲಿರುವ ಕೂಗೆ ಬ್ರಹ್ಮದೇವರ ಕಂಬವು ಅವನ ಸ್ಮಾರಕ. ಅರಸನೊಬ್ಬನ ಮರಣಶಿಲೆಯೆಂದು ನಿಸ್ಸಂಶಯವಾಗಿ ಹೇಳಬಹುದಾದ ಕೆಲವೇ ಕೆಲವು ಕನ್ನಡ ಕೃತಿಗಳಲ್ಲಿ ಅದು ಒಂದು.

ಆ ಕಂಬದ ಪೀಠವನ್ನು ಹಿಂದೆ ಎಂಟು ದಿಕ್ಕುಗಳಲ್ಲಿ ಎಂಟು ಆನೆಗಳು ಹೊತ್ತಿದ್ದವು. ಈಗ ಉಳಿದಿರುವುವು ಕೆಲವು ಮಾತ್ರ. ದಿಗ್ಗಜಗಳು ಭೂಮಿಯನ್ನು ಹೊತ್ತಿರುವುದೆಂಬ ಪುರಾಣದ ಭಾವನೆಯನ್ನು ಶಿಲ್ಪಿ ಕಂಬಕ್ಕೆ ತಂದನು: ಅರಸನ ಕೀರ್ತಿ ಎಂಟು ದಿಕ್ಕುಗಳ ಅಂಚಿನವರೆಗೂ ವ್ಯಾಪಿಸಿತು ಎಂಬುದು ತಾತ್ಪರ್ಯ. ಕಂಬದ ಮೈಮೇಲೆ ಅವನ ವಿಜಯಗಳ ಪಟ್ಟಿ. ಕಂಬದ ಕೆಳಗೆ ಆನೆಗಳು. ನೆತ್ತಿಯ ಮೇಲೆ ಬ್ರಹ್ಮದೇವ. ಆದರೆ ಸತ್ತವನು ಆನೆ ಕುದುರೆ ರಾಜ್ಯಗಳನ್ನೆಲ್ಲ ಬಿಟ್ಟು, ಅನ್ನವನ್ನೂ ಬಿಟ್ಟು ಹೋದವನು! ಅವನು ಬಿಟ್ಟುಹೋದ ಆನೆಗಳನ್ನು ಸ್ಮಾರಕ ಮಾಡಿಸಿದವರು ಮತ್ತೆ ತಂದು ಅವನ ಕಂಬದ ಕೆಳಗೆ ಕಟ್ಟಿದರು. ರಾಜಸಮಾಧಿಗಳಲ್ಲಿ ಪ್ರಾಣಿಗಳು ಮಾಡುವ ಕೆಲಸದ ಇನ್ನೊಂದು ಮುಖ ಇಲ್ಲಿ ಕಾಣುತ್ತದೆ. ಆಳಿನ ಕಲ್ಲಿನಲ್ಲಿ ಪ್ರಾಣಿಯು ಅವನು ಏನನ್ನು ಕೊಟ್ಟನೆಂಬುದನ್ನು ಹೇಳುತ್ತದೆ. ಅರಸನ ಕಲ್ಲಿನಲ್ಲಿ ಅವನು ಏನಾಗಿದ್ದನೆಂಬುದನ್ನು ಹೇಳುತ್ತದೆ.

ಅರಸನ ಸಾವಿನಲ್ಲಿ ಪ್ರಾಣಿಯ ಸ್ಥಾನವನ್ನು ಮನುಷ್ಯನೇ ತುಂಬಿದ ಸಂಗತಿಗಳೂ ಉಂಟು. ತಿರುಮಕೂಡಲು ನರಸೀಪುರದ ಸೀಮೆಯ ದೊಡ್ಡಹುಂಡಿಯ ಕಲ್ಲಿನಲ್ಲಿ ೯ನೆಯ ಶತಮಾನದ ಗಂಗ ನೀತಿಮಾರ್ಗನ ಮರಣವನ್ನು ಕೆತ್ತಿದೆ. ದೊರೆಯು ಮಂಚದ ಮೇಲೆ ಒರಗಿದ್ದಾನೆ. ಅಗರಯ್ಯನೆಂಬ ಮನೆಯಾಳು ಅವನನ್ನು ಹಿಡಿದುಕೊಂಡಿದ್ದಾನೆ. ಮಗ ಸತ್ಯವಾಕ್ಯನು ಹತ್ತಿರದಲ್ಲಿದ್ದಾನೆ. ಆ ಅಗರಯ್ಯನು ದೊರೆಗೆ ಕೀಳ್ಗುಂಟೆಯಾದನೆಂದು ಶಾಸನ ಹೇಳುತ್ತದೆ, ಎಂದರೆ ಒಡೆಯನ ಕೆಳಗೆ ತಾನೂ ಮಣ್ಣಾಗಲು ಒಪ್ಪಿದನು. ಬೇರೆ ದೇಶಗಳಲ್ಲಿ ಕಲ್ಲಿನ ನಾಯಿ ಮಲಗುವ ಸ್ಥಳದಲ್ಲಿ ಇಲ್ಲಿ ಉಸಿರಾಡುವ ಮನುಷ್ಯನು ಮಲಗಿದನು. ಅನ್ನದ ಋಣಕ್ಕಾಗಿ ಸಾಯುವುದಕ್ಕೆ ಜೋಳವಾಳಿಯೆಂದೂ, ಸಮಯ ಬಂದಾಗ ಒಡೆಯನೊಡನೆ ಸಾಯುವ ಭಾಷೆಗೆ ವೇಳೆವಾಳಿಯೆಂದೂ, ಲೆಂಕನ ನಿಷ್ಠೆಗೆ ಲೆಂಕವಾಳಿಯೆಂದೂ ನಮ್ಮ ಭಾಷೆಯಲ್ಲಿ ಪ್ರತ್ಯೇಕ ಪ್ರತ್ಯೇಕವಾದ ಮಾತುಗಳೇ ಹುಟ್ಟಿದವು. ಹೀಗೆ ಮಾತುಗಳು ಹುಟ್ಟಬೇಕಾದರೆ ಆಚಾರವು ಎಷ್ಟು ಬೇರೂರಿತ್ತೆಂಬುದನ್ನು ನಾವೇ ಊಹಿಸಬಹುದು.

ಹೊಯ್ಸಳರ ಕಾಲದಲ್ಲಿ ಈ ಆಚಾರಕ್ಕೆ ಒಂದು ಪಕ್ಷಿಯ ಹೆಸರು ಬಂತು. ವಿಷ್ಣುವಿಗೆ ಗರುಡನು ಹೇಗೋ ಹಾಗೆ ಅರಸನಿಗೆ ಬಂಟನು. ಆದುದರಿಂದ ಪ್ರತಿಜ್ಞೆ ಮಾಡಿದವರು ಗರುಡರೆನಿಸಿದರು. ಇಮ್ಮಡಿ ಬಲ್ಲಾಳನು ೧೨೨೦ರಲ್ಲಿ ಕಾಲವಾದಾಗ ಅವನ ದಂಡನಾಯಕನಾದ ಕುವರ ಲಕ್ಷ್ಮನೂ ಅವನ ಹೆಂಡತಿ ಸುಗ್ಗಲದೇವಿಯೂ ಅವನ ಜೊತೆಯ ವೀರರೂ ಪ್ರಾಣಾರ್ಪಣ ಮಾಡಿದರು. ಭಾಷೆಯ ಗುರುತಾಗಿ ಲಕ್ಷ್ಮನು ಎಡಗಾಲಿಗೆ ಹೊನ್ನಿನ ತೊಡರನ್ನು ತೊಟ್ಟಿದ್ದನು. ಹಳೆಯಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಅವನ ಗರುಡಗಂಬ ಈಗಲೂ ನಿಂತಿದೆ; ಕತ್ತಿಯಿಂದ ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುತ್ತಿರುವ ವೀರರು ಅದರ ಸುತ್ತ ಕೆತ್ತಲ್ಪಟ್ಟಿದ್ದಾರೆ. ಕೃಷ್ಣರಾಜಪೇಟೆಯ ಸೀಮೆಯ ಅಗ್ರಹಾರ ಬಾಚಹಳ್ಳಿಯಲ್ಲಿ ಇಂಥ ಕಂಬಗಳು ಮೂರಿವೆ. ಅವುಗಳ ನೆತ್ತಿಯ ಮೇಲೆ ಆನೆಯ ಶಿಲ್ಪವುಂಟು. ಅಲ್ಲಿಯ ೧೨೫೭ರ ಶಾಸನದಿಂದ, ಒಂದೇ ಮನೆತನದವರು ತಲೆಮಾರಿನಿಂದ ತಲೆಮಾರಿಗೆ ಹೊಯ್ಸಳ ಅರಸರಿಗಾಗಿ ಹೆಂಡಿರು ಆಳುಗಳೊಡನೆ ಪ್ರಾಣವನ್ನು ಕೊಟ್ಟರೆಂದು ತಿಳಿದುಬರುತ್ತದೆ.

ಈ ಕಂಬಗಳ ಮುಂದೆ ನಿಂತಾಗ ನಮ್ಮ ಮನಸ್ಸಿನಲ್ಲಿ ಗೌರವದ ಜೊತೆಗೆ ಸಂಕೋಚವೂ ಹುಟ್ಟುತ್ತದೆಂದು ಮರೆಮಾಚದೆ ಹೇಳಬೇಕು. ಕುವರ ಲಕ್ಷ್ಮನು ತಿಳಿದು ಮಾಡಿದನು. ಅವನು ದೊಡ್ಡ ಪದವಿಯವನು, ಭಾಷೆ ಕೊಟ್ಟವನು. ಅವನ ಹಿಂದೆ ಹೋದ ಆಳುಗಳ, ಬಾಚಹಳ್ಳಿಯ ಆ ಹೆಂಗಸರ ಮನಸ್ಸಿನಲ್ಲಿ ಏನಿತ್ತೆಂದು ಯಾವ ಶಾಸನವೂ ಹೇಳುವುದಿಲ್ಲ. ಗರುಡನೆಂಬ ಉಜ್ಜ್ವಲವಾದ ಹೆಸರು ಆ ಪ್ರಶ್ನೆಯನ್ನು ತನ್ನ ರೆಕ್ಕೆಯ ಕೆಳಗೆ ಮುಚ್ಚಿಕೊಂಡಿದೆ. ಕಾಳಿಯನ್ನು ಮನುಷ್ಯನ ಮಟ್ಟಕ್ಕೆ ಏರಿಸಿದ ಸಮಾಜವೇ ಮನುಷ್ಯನನ್ನು ಒಡೆಯನ ವಾಹನವನ್ನಾಗಿ ಮಾಡಿತು. ಎರಡೂ ಒಂದೇ ನಂಬಿಕೆಯ ಫಲಗಳು: ಉಂಡವನು ತೀರಿಸಬೇಕು. ಆ ನಂಬಿಕೆಯ ಚೆಲುವನ್ನು ಮೆಚ್ಚುವವರು ಅದರ ಬೆಲೆಯನ್ನೂ ನೋಡಬೇಕು.

ಪುನಃ ನಮ್ಮ ನಾಲ್ಕು ಊರುಗಳ ಸೀಮೆಗೆ ಬರೋಣ. ಪಾಳೆಯಗಾರರ ಕಾಲಕ್ಕೆ ಬರುವಾಗ ಕಲ್ಲುಗಳ ಮೇಲೆ ಕುದುರೆ ಮುಂದಾಗುತ್ತದೆ. ಗಂಡಸು ಕತ್ತಿಯೆತ್ತಿ ಕುದುರೆಯ ಮೇಲೆ. ಅವನ ಪಕ್ಕದಲ್ಲಿ ಹೆಂಡತಿ, ಮಡಿಸಿ ಮೇಲೆತ್ತಿದ ಬಲಗೈ, ಕೈಯಲ್ಲಿ ನಿಂಬೆಹಣ್ಣು, ಮುಂಗೈಯಲ್ಲಿ ಬಳೆ. ಮಿಡಿಗೇಶಿಯ ಹೆಸರನ್ನೇ ಹಿಮ್ಮಡಿಯವರೆಗೆ ಕೂದಲಿದ್ದ, ಸಹಗಮನ ಮಾಡಿದ ಒಬ್ಬ ಸ್ತ್ರೀಗೆ ಐತಿಹ್ಯವು ಸಂಬಂಧಿಸುತ್ತದೆ. ಇಂಥ ಕಲ್ಲುಗಳಲ್ಲಿ ಗಂಡಸಿಗೆ ಕುದುರೆಯುಂಟು, ಹೆಂಗಸಿಗೆ ಯಾವ ಪ್ರಾಣಿಯೂ ಇಲ್ಲ. ಅವಳ ಗುರುತು ಬಳೆಯೊಂದೇ. ಅವಳು ತೀರಿಸಿದ ಋಣಕ್ಕೆ ಸಾಕ್ಷಿಯಾಗಿ ಶಿಲ್ಪಿಗೆ ಅವಳ ಕೈಯನ್ನು ಬಿಟ್ಟರೆ ಬೇರೇನೂ ದೊರೆಯಲಿಲ್ಲ. ಮಧುಗಿರಿ, ಮಿಡಿಗೇಶಿ, ಚನ್ನರಾಯನದುರ್ಗಗಳನ್ನು ೧೬೭೮ರಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು ವಶಪಡಿಸಿಕೊಂಡ ಮೇಲೆ ಆ ಪಾಳೆಯಪಟ್ಟುಗಳ ಕಾಲವೂ ಮುಗಿಯುತ್ತ ಬಂತು.

ಅಷ್ಟರಲ್ಲಿ ಶಿರಾದಲ್ಲಿ ಬೇರೆ ಬಗೆಯ ಸಮಾಧಿ ತಲೆಯೆತ್ತಿತ್ತು. ಬಿಜಾಪುರದ ಸೈನ್ಯವು ೧೬೩೮ರ ಸುಮಾರಿನಲ್ಲಿ ಶಿರಾವನ್ನು ಹಿಡಿದ ತರುವಾಯ ಅಲ್ಲಿ ಅಧಿಕಾರ ನಡೆಸಿದವರಲ್ಲಿ ಮಲಿಕ್ ರಿಹಾನನು ಪ್ರಸಿದ್ಧನು. ಅವನ ಗೋರಿಯು ೧೬೫೧ರದು. ಬಿಜಾಪುರದ ಶೈಲಿಯ ಗುಮ್ಮಟ. ಗುಮ್ಮಟದ ಬುಡದಲ್ಲಿ ಕಮಲದ ದಳಗಳು. ಮೃಗವೂ ಇಲ್ಲ, ಪಕ್ಷಿಯೂ ಇಲ್ಲ. ಇಸ್ಲಾಂ ಧರ್ಮದ ಸಮಾಧಿಗಳಲ್ಲಿ ಜೀವಿಗಳ ಆಕಾರವನ್ನು ಕೆತ್ತುವುದು ಸಾಮಾನ್ಯವಾಗಿ ಸಲ್ಲದು. ಎಲೆ, ಹೂ, ಬಳ್ಳಿ, ಅಕ್ಷರ ಇವೇ ಅಲ್ಲಿಯ ಭಾಷೆ. ದನಗಳ ಕಲ್ಲುಗಳು ಕಿಕ್ಕಿರಿದ ಸೀಮೆಯ ನಡುವೆ ಆ ಗೋರಿಯು ಪ್ರಾಣಿಗಳ ಸದ್ದಡಗಿದ ಒಂದು ಶಾಂತವಾದ ಸ್ಥಳ. ಅಲ್ಲಿ ಸತ್ತವನಿಗೂ ಸೃಷ್ಟಿಕರ್ತನಿಗೂ ನಡುವೆ ಬೇರೆ ಸಾಕ್ಷಿಯಿಲ್ಲ.

ಆದರೂ ಪ್ರಾಣಿಯು ಹಿಂದಿರುಗಿತು. ೧೬೮೭ರಿಂದ ಮೊಗಲರ ಸುಬಾ ಆಗಿದ್ದ ಶಿರಾವನ್ನು ೧೭೬೧ರಲ್ಲಿ ಹೈದರ್ ಅಲಿಯು ತೆಗೆದುಕೊಂಡನು. ಶಿರಾದಲ್ಲಿ ದಿಲಾವರ್ ಖಾನನು ಕಟ್ಟಿಸಿದ್ದ ಅರಮನೆಯು ಬೆಂಗಳೂರು ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಮಾದರಿಯಾಯಿತೆಂದು ಹೇಳುವರು. ಶಿರಾದ ಜನರನ್ನೇ ಎಬ್ಬಿಸಿ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ನೆಲಸಿಸಿದುದೂ ಉಂಟು. ಹೈದರನು ತೀರಿಕೊಂಡ ಮೇಲೆ ಅವನ ಮಗ ಟಿಪ್ಪುವು 1782-84ರಲ್ಲಿ ಕಟ್ಟಿಸಿದ ಗುಂಬಜಿನೊಳಕ್ಕೆ ಹೋಗಿ ಗೋಡೆಗಳನ್ನು ನೋಡಿರಿ. ಹುಲಿಯ ಆಕಾರವೆಲ್ಲಿಯೂ ಇಲ್ಲ. ಆದರೆ ಗೋಡೆಗಳ ತುಂಬ ಹುಲಿಯ ಮೈಪಟ್ಟೆಗಳು ಬಣ್ಣದಲ್ಲಿ ಹರಡಿವೆ. ಪ್ರಾಣಿಯನ್ನು ಬರೆಯದೆ ಪ್ರಾಣಿಯ ಚರ್ಮವನ್ನು ಮಾತ್ರ ಬರೆದು, ನಿಷೇಧವನ್ನೂ ಮೀರದೆ ತಮ್ಮ ಬಿರುದನ್ನೂ ಬಿಡದೆ ಉಳಿಸಿಕೊಂಡರು. ಆ ಹುಲಿಗೆ ಋಣವಿಲ್ಲ. ಅದು ಯಾರಿಗಾಗಿಯೂ ಸಾಯುವುದಿಲ್ಲ. ಅದು ಆಳುವವನ ಬಲದ ಗುರುತು ಮಾತ್ರ. ಕೂಗೆ ಬ್ರಹ್ಮದೇವರ ಕಂಬದ ಆನೆಗಳಿಗೂ ಈ ಪಟ್ಟೆಗಳಿಗೂ ೮೦೦ ವರ್ಷಗಳ ಅಂತರವಿದ್ದರೂ ಎರಡೂ ಅರಸುತನದ ಒಂದೇ ಮಾತನ್ನು ಆಡುತ್ತವೆ.

ಹೀಗೆ ನೋಡಿದರೆ ಕನ್ನಡನಾಡಿನ ಮರಣಶಿಲೆಗಳಲ್ಲಿ ಪ್ರಾಣಿಗಳು ಎರಡು ಪಕ್ಷಗಳಾಗಿ ನಿಲ್ಲುವುವು. ಒಂದು ಪಕ್ಷದಲ್ಲಿ ದಿಗ್ಗಜ, ಗರುಡ, ಹುಲಿ: ಇವು ದೊಡ್ಡವರ ದೊಡ್ಡತನವನ್ನು ಹೊತ್ತುಕೊಂಡವು. ಇನ್ನೊಂದು ಪಕ್ಷದಲ್ಲಿ ಕೆರೆಯ ಏರಿಯ ಮೇಲಿನ ಹಸುಗಳು, ಆತಕೂರಿನ ಕಾಳಿ, ನಾಗತ್ತರನ ಎದುರಿನ ಆನೆ: ಇವು ಒಬ್ಬನು ಕೊಟ್ಟ ಪ್ರಾಣಕ್ಕೆ ರಸೀದಿಯಂತೆ ಇರುವುವು. ಮೊದಲ ಪಕ್ಷದವುಗಳನ್ನು ಕಾಪಾಡಲು ಬೇಲಿಯೂ ಕಾವಲುಗಾರನೂ ಉಂಟು. ಎರಡನೆಯ ಪಕ್ಷದಲ್ಲಿ ವಸ್ತುಸಂಗ್ರಹಾಲಯವನ್ನು ಸೇರಿದವು ಕೆಲವು ಮಾತ್ರ. ಮಿಕ್ಕವು ಮಣ್ಣಿನಲ್ಲಿ, ಮುಳ್ಳುಪೊದೆಯಲ್ಲಿ, ಕಾಲುವೆಯ ಚಪ್ಪಡಿಯಾಗಿ, ಬಟ್ಟೆ ಒಗೆಯುವ ಬಂಡೆಯಾಗಿ ಸವೆಯುತ್ತಿವೆ. ಒಂದು ದೇವಾಲಯ ಬಿದ್ದರೆ ಹತ್ತು ಜನ ಮರುಗುವರು. ಒಂದು ತುರುಗೋಳಿನ ಕಲ್ಲು ಒಡೆದುಹೋದರೆ ಯಾರಿಗೂ ತಿಳಿಯದು. ಆದರೆ ಹೆಸರಿಲ್ಲದ ಒಬ್ಬನು ತನ್ನ ಊರಿಗಾಗಿ ಸತ್ತನೆಂಬುದಕ್ಕೆ ಜಗತ್ತಿನಲ್ಲಿದ್ದ ಒಂದೇ ಸಾಕ್ಷಿ ಆಗ ಹೋಗಿಬಿಡುತ್ತದೆ.

ಪಟ್ಟಣವಾಸಿಗಳಾದ ನಮ್ಮಲ್ಲಿ ಅನೇಕರ ಹಿರಿಯರ ಊರು ಇಂಥ ಸೀಮೆಗಳಲ್ಲಿಯೇ ಇರುವುದು. ಮುಂದೆ ಹಬ್ಬಕ್ಕೋ ಮದುವೆಗೋ ಊರಿಗೆ ಹೋದಾಗ ಕೆರೆಯ ಏರಿಯ ಮೇಲೆ ಐದು ನಿಮಿಷ ನಿಲ್ಲೋಣ. ಕಲ್ಲಿನ ಮೇಲಿನ ಮಣ್ಣನ್ನು ಕೈಯಿಂದ ಒರಸಿ, ಕೆಳಗಿನ ಪಟ್ಟಿಕೆಯಲ್ಲಿ ಯಾವ ಪ್ರಾಣಿಯಿದೆಯೆಂದು ನೋಡೋಣ. ಬಿದ್ದಿದ್ದರೆ ನಾಲ್ಕು ಜನರನ್ನು ಕರೆದು ಎತ್ತಿ ನಿಲ್ಲಿಸೋಣ. ಆತಕೂರಿನ ಗೊರವನಿಗೆ ಹಾಕಿದ್ದ ಕಟ್ಟಳೆ ಒಂದು ನಾಯಿಯ ಕಲ್ಲಿನ ಸಲುವಾಗಿ. ಅದನ್ನು ನೆನೆಯದೆ ಉಣ್ಣಬಾರದೆಂಬುದಾಗಿ. ನಮ್ಮ ಊರಿನ ದನಗಳನ್ನು ಬಿಡಿಸಲು ಹೋಗಿ ಸತ್ತವನಿಗೆ ನಾವು ಅಷ್ಟಾದರೂ ಸಲ್ಲಿಸುವುದು ನ್ಯಾಯ.